ಸಿಕ್ಕ ಕೆಲಸ ಹಿಡಿಸಿದೆಯಾ ಅಂತಲೂ ಕೇಳಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸದಲ್ಲಿದ್ದೇನೆ. ಹದಿನಾರು ವರ್ಷ ಆಯಿತು. ಕೆಲಸ ಕೇಳಿಕೊಂಡು ಬರುವವರನ್ನು ಮಾತಾಡಿಸುತ್ತೇನೆ. ಕೆಲಸ ಬಿಟ್ಟು ಹೋಗುವವರನ್ನೂ ಕೊನೆಯ ದಿನ ಎದುರಿಗೆ ಕೂರಿಸಿಕೊಂಡು, ಯಾಕೆ ಹೋಗುತ್ತಿದ್ದೀರಿ ಅಂತ ಕೇಳುತ್ತೇನೆ. ಎಕ್ಸಿಟ್ ಇಂಟರ್‌ವ್ಯೂ ಅಂತಾರೆ ಇದಕ್ಕೆ. ಒಂದು ಫಾರಂ ಇರುತ್ತದೆ. ಸಂಬಳ, ಮ್ಯಾನೇಜರ್, ಓಡಾಟದ ದೂರ, ಪ್ರಮೋಷನ್, ಹೀಗೆ ಕೆಲವು ಕಾಲಂ. ಅದನ್ನು ತುಂಬಿ, ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಕೊಟ್ಟಾದ ಮೇಲೂ ಕೆಲವರು ಎದ್ದು ಹೋಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿರುತ್ತಾರೆ. ಆಗ ಬರುವ ಮಾತಿಗೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ.

"ಮೇಡಂ, ನನಗೆ ಇದು ಮೊದಲಿಂದಲೂ ಇಷ್ಟ ಇರಲಿಲ್ಲ."

"ಇದು ಅಂದ್ರೆ? ಈ ಕೆಲಸನಾ?"

"ಅಲ್ಲ ಮೇಡಂ. ಓದಿದ್ದೇ ಇಷ್ಟ ಇರಲಿಲ್ಲ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ. ನಮ್ಮ ರಾಜ್ಯದಲ್ಲಿ ಯಾರಾದರೂ ಇದರ ಲೆಕ್ಕ ಇಡಬೇಕು ಅಂತ ಕೇಳುವುದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಈಗಲೇ ಬರೆಯುವುದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ಅಕ್ಕನ ಮಗಳು ಎರಡು ವರ್ಷದಿಂದ ಹನುಮಂತನಗರದ ನಮ್ಮ ಮನೆಯಲ್ಲಿದ್ದು ಪಿಯುಸಿ ಮುಗಿಸಿದ್ದಾಳೆ. ಪಿಸಿಎಂಬಿ. ಸಿಇಟಿ ರ‍್ಯಾಂಕ್ ಚೆನ್ನಾಗಿಯೇ ಬಂದಿದೆ. ಮೊನ್ನೆ ರಾತ್ರಿ ಊಟ ಆದ ಮೇಲೆ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಒಂದರ ಕೆಳಗೊಂದು ಆನ್‌ಲೈನ್‌ನಲ್ಲಿ ತುಂಬುವುದಕ್ಕೆ ಕೂತೆವು. ತಿಪಟೂರಿನಿಂದ ಭಾವ ಫೋನಿನಲ್ಲಿ, ಸ್ಪೀಕರ್ ಹಾಕಿಕೊಂಡು. ಪಕ್ಕದಲ್ಲಿ ಅಕ್ಕ. ನನ್ನ ಯಜಮಾನರು ಹೋದ ವರ್ಷದ ಕಟ್‌ಆಫ್ ಪಟ್ಟಿಯನ್ನು ಪ್ರಿಂಟ್ ಹಾಕಿಸಿ, ನಮ್ಮ ಕೆಟಗರಿಯ ಕಾಲಂಗೆಲ್ಲ ಹಳದಿ ಬಣ್ಣ ಹಚ್ಚಿ ಇಟ್ಟಿದ್ದರು.

"ಮೊದಲು ಎಲ್ಲ ಒಳ್ಳೆ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಹಾಕಿಬಿಡು, ಆಮೇಲೆ ಐಎಸ್, ಆಮೇಲೆ ಎಐಎಂಎಲ್, ಕೊನೆಗೆ ಇಸಿ" ಅಂದರು ಭಾವ. (ಐಎಸ್ ಅಂದರೆ ಇನ್ಫರ್ಮೇಷನ್ ಸೈನ್ಸ್, ಎಐಎಂಎಲ್ ಅಂದರೆ ಕೃತಕ ಬುದ್ಧಿಮತ್ತೆ, ಇಸಿ ಅಂದರೆ ಎಲೆಕ್ಟ್ರಾನಿಕ್ಸ್.) ಹುಡುಗಿ ಒಂದೊಂದಾಗಿ ಹಾಕುತ್ತಾ ಹೋದಳು. ಇಪ್ಪತ್ತು ಆಗಿತ್ತೋ ಏನೋ, ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಚಿಕ್ಕಮ್ಮ, ಐಎಸ್‌ನಲ್ಲಿ ಏನು ಓದ್ತಾರೆ? ಸಿಎಸ್‌ಗೂ ಅದಕ್ಕೂ ಏನು ವ್ಯತ್ಯಾಸ?"

ಯಾರಿಗೂ ಗೊತ್ತಿರಲಿಲ್ಲ. ನಾನು ಐಎಸ್ ಓದಿದ ಮಕ್ಕಳನ್ನು ವರ್ಷಾ ವರ್ಷಾ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ. ನನಗೂ ಅವಳಿಗೆ ಅರ್ಥವಾಗುವ ಹಾಗೆ ಹೇಳುವುದಕ್ಕೆ ಬರಲಿಲ್ಲ. ಯಾವ ಕಾಲೇಜಿನ ಯಾವ ಬ್ರಾಂಚ್ ಎಷ್ಟನೇ ರ‍್ಯಾಂಕಿಗೆ ನಿಂತಿತು ಅನ್ನುವುದು ನಾವು ನಾಲ್ಕು ಜನ ದೊಡ್ಡವರಿಗೂ ಬಾಯಿಪಾಠ ಆಗಿತ್ತು. ಆ ಬ್ರಾಂಚ್ ಓದಿದವರು ಐದು ವರ್ಷ ಆದ ಮೇಲೆ ಬೆಳಗ್ಗೆ ಎದ್ದು ಏನು ಕೆಲಸ ಮಾಡುತ್ತಾರೆ, ಅದು ಅವರಿಗೆ ಹಿಡಿಸಿದೆಯಾ, ಮತ್ತೊಮ್ಮೆ ಅವಕಾಶ ಸಿಕ್ಕರೆ ಅದನ್ನೇ ಓದುತ್ತಾರಾ, ಇದು ಮಾತ್ರ ಯಾರಿಗೂ ಗೊತ್ತಿಲ್ಲ. ಎಲ್ಲೂ ಬರೆದೂ ಇಲ್ಲ. ಕಟ್‌ಆಫ್ ಮಾತ್ರ ಬರೆದಿದೆ. ಹಾಗಾಗಿ ನಾವು ಕಟ್‌ಆಫ್ ನೋಡಿಯೇ ಆರಿಸುತ್ತೇವೆ. ಎಲ್ಲಕ್ಕಿಂತ ಮೊದಲು ತುಂಬಿದ್ದು ಯಾವುದೋ ಅದೇ ಒಳ್ಳೆಯದು ಅಂದುಕೊಳ್ಳುತ್ತೇವೆ. ಮುಂದಿನ ವರ್ಷದವರು ನಮ್ಮನ್ನು ನೋಡಿ ಹಾಗೇ ಅಂದುಕೊಳ್ಳುತ್ತಾರೆ.

ಈ ಹುಡುಗಿಗೆ ಏನು ಇಷ್ಟ ಅಂತ ನಮಗೆಲ್ಲ ಗೊತ್ತು. ಅವಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಭಾವನ ತೆಂಗಿನ ತೋಟಕ್ಕೆ ಕಪ್ಪು ತಲೆ ಹುಳು ಬಿದ್ದಿತ್ತು. ಗರಿಗಳೆಲ್ಲ ಸುಟ್ಟ ಹಾಗೆ ಕಾಣುತ್ತಿದ್ದವು. ಆಗ ಗೋನಿಯೋಜಸ್ ಅನ್ನುವ ಸಣ್ಣ ಕಣಜವನ್ನು ಟ್ಯೂಬಿನಲ್ಲಿ ತಂದು ತೋಟಕ್ಕೆ ಬಿಟ್ಟರು. ಆ ಕಣಜ ಹುಳುವಿನ ಮೇಲೆ ಮೊಟ್ಟೆ ಇಡುತ್ತದೆ, ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. ಈ ಹುಡುಗಿ ಆ ಟ್ಯೂಬ್ ಹಿಡಿದುಕೊಂಡು ನಿಂತಿದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಒಂದು ನೋಟ್‌ಬುಕ್ ಮಾಡಿಕೊಂಡು ಯಾವ ಮರದಲ್ಲಿ ಯಾವತ್ತು ಹೊಸ ಗರಿ ಬಂತು ಅಂತ ಬರೆದಿಡುತ್ತಿದ್ದಳು. ಹೋದ ನವೆಂಬರ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಕರೆದುಕೊಂಡು ಹೋಗಿದ್ದೆ. ಸಂಜೆವರೆಗೆ ಹೊರಗೆ ಬರಲಿಲ್ಲ.

ಬಿಎಸ್ಸಿ ಅಗ್ರಿಯ ಸೀಟೂ ಇದೇ ಸಿಇಟಿಯಲ್ಲೇ ಸಿಗುತ್ತದೆ. ಅದಕ್ಕೂ ಅವಳಿಗೆ ರ‍್ಯಾಂಕ್ ಇದೆ. ಆದರೆ ಪಟ್ಟಿಯಲ್ಲಿ ಅದು ಕೊನೆಯಲ್ಲಿತ್ತು, ನಲವತ್ತರ ಆಚೆ. "ತೋಟದಲ್ಲಿ ನಾವು ಪಟ್ಟಿದ್ದು ಸಾಲದಾ? ಅವಳೂ ಮತ್ತೆ ಮಣ್ಣಿಗೇ ಬರೋದಾದ್ರೆ ಬೆಂಗಳೂರಿಗೆ ಕಳಿಸಿದ್ದು ಯಾಕೆ?" ಅಂತ ಭಾವ ಕೇಳಿದರು. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕೊಬ್ಬರಿ ಬೆಲೆ ಬಿದ್ದ ವರ್ಷಗಳಲ್ಲಿ ಆ ಮನೆ ಹೇಗೆ ನಡೆಯಿತು ಅಂತ ನನಗೆ ಗೊತ್ತು. ಆದರೆ ಅಗ್ರಿ ಓದಿದವರು ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ ಆಗುತ್ತಾರೆ, ರೈತ ಸಂಪರ್ಕ ಕೇಂದ್ರದಲ್ಲಿರುತ್ತಾರೆ, ಬೀಜದ ಕಂಪನಿಯಲ್ಲಿ, ಸಂಶೋಧನೆಯಲ್ಲಿ ಇರುತ್ತಾರೆ ಅನ್ನುವುದು ಅವರ ಕಣ್ಣಿಗೆ ಬಿದ್ದೇ ಇಲ್ಲ. ಅವರಿಗೆ ಕಾಣಿಸುವುದು ಇಬ್ಬರೇ. ಒಬ್ಬರು ಸ್ವತಃ ಅವರೇ. ಇನ್ನೊಬ್ಬ ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗ.

ಆ ಪಕ್ಕದ ಮನೆ ಹುಡುಗನಂಥವರನ್ನೇ ನಾನು ದಿನಾ ನೋಡುವುದು. ಹೆಸರು ಹೇಳುವ ಹಾಗಿಲ್ಲ, ಹೇಳುವುದೂ ಬೇಡ. ಮೆಕ್ಯಾನಿಕಲ್ ಓದಿದ ಒಬ್ಬರು ನಮ್ಮಲ್ಲಿ ನಾಲ್ಕು ವರ್ಷ ರಾತ್ರಿ ಪಾಳಿಯಲ್ಲಿ ಸಪೋರ್ಟ್ ಕೆಲಸ ಮಾಡಿದರು. ಕೆಲಸದಲ್ಲಿ ಒಂದು ದೂರೂ ಇರಲಿಲ್ಲ. ಬಿಡುವ ದಿನ ಹೇಳಿದರು, ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತಾಗ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ, ಇಲ್ಲಿ ಪ್ರತಿ ಅರ್ಧ ಗಂಟೆಗೆ ಗಡಿಯಾರ ನೋಡುತ್ತೇನೆ ಅಂತ. ಅವರು ಆರಿಸಿಕೊಂಡ ವಿಷಯ ಸರಿಯಾಗಿತ್ತು. ಅದಕ್ಕೆ ತಕ್ಕ ಕೆಲಸ ಸಿಗಲಿಲ್ಲ, ಸಿಕ್ಕ ಕಡೆ ಸಂಬಳ ಅರ್ಧ ಇತ್ತು. ಇನ್ನೊಬ್ಬರು ಕಂಪ್ಯೂಟರ್ ಸೈನ್ಸ್ ಓದಿ, ಕಂಪ್ಯೂಟರ್ ಕೆಲಸಕ್ಕೇ ಬಂದವರು. ಹೊರಗಿನಿಂದ ನೋಡಿದರೆ ಎಲ್ಲ ಸರಿ ಇದೆ. ಆದರೆ ಅವರು ಎಂಟನೇ ಕ್ಲಾಸಿನಿಂದ ಚಿತ್ರ ಬರೆಯುವವರು. ಸಿಎಸ್ ಬೇಡ ಅಂತ ಮನೆಯಲ್ಲಿ ಒಂದು ಸಲ ಹೇಳಿದ್ದರಂತೆ. ಆಮೇಲೆ ಹೇಳಲಿಲ್ಲ. ಹೊರಗಿನಿಂದ ಕಾಣದ ಈ ಎರಡನೆಯ ಥರದವರೇ ಜಾಸ್ತಿ ನನ್ನ ಎದುರು ಕೂರುತ್ತಾರೆ.

ಇದಕ್ಕೆ ಬೇರೆಯಾದ ಇನ್ನೊಬ್ಬರು ಇದ್ದಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಕಾಂ ಓದಿ ನಮ್ಮ ಅಕೌಂಟ್ಸ್‌ಗೆ ಬಂದವರು. ತಿಂಗಳ ಕೊನೆಯಲ್ಲಿ ಲೆಕ್ಕ ಟ್ಯಾಲಿ ಆದಾಗ ಆ ಹುಡುಗಿಯ ಮುಖ ನೋಡಬೇಕು ನೀವು. ಬೇರೆ ಕಂಪನಿ ಕರೆದರೂ ಹೋಗಲಿಲ್ಲ. ಅವರ ಸಂಬಳ ಪಕ್ಕದ ಫ್ಲೋರಿನ ಎಂಜಿನಿಯರ್‌ಗಳ ಸಂಬಳಕ್ಕಿಂತ ತುಂಬಾ ಕಡಿಮೆ.

ಓದಿದ ವಿಷಯ ಒಂದರಿಂದಲೇ ಎಲ್ಲ ನಿರ್ಧಾರ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಟ್ಟ ಮ್ಯಾನೇಜರ್ ಸಿಕ್ಕರೆ ಎಂಥ ಇಷ್ಟದ ಕೆಲಸವೂ ಬೇಡ ಅನ್ನಿಸುತ್ತದೆ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸಿಲ್ಕ್ ಬೋರ್ಡ್ ದಾಟುವುದರಲ್ಲೇ ಕಳೆದರೆ ಯಾರಿಗೆ ತಾನೇ ತೃಪ್ತಿ ಇರುತ್ತದೆ? ಸಿವಿಲ್ ಓದಿ ಕೋಡಿಂಗ್‌ಗೆ ಬಂದು ಖುಷಿಯಾಗಿರುವವರೂ ಬೇಕಾದಷ್ಟು ಜನ ಇದ್ದಾರೆ. ಓದಿದ್ದು ಒಂದು, ಮಾಡುವುದು ಇನ್ನೊಂದು ಆದಾಗೆಲ್ಲ ಜನ ನೊಂದುಕೊಳ್ಳುವುದಿಲ್ಲ. ತಾವೇ ಬೇಕು ಅಂತ ದಾರಿ ಬದಲಿಸಿದವರು ಆರಾಮಾಗಿರುತ್ತಾರೆ. ಬೇರೆ ದಾರಿ ಇಲ್ಲ ಅಂತ ಬಂದವರು, ಅಥವಾ ಯಾರೋ ಆರಿಸಿಕೊಟ್ಟ ದಾರಿಯಲ್ಲೇ ಉಳಿದುಬಿಟ್ಟವರು, ಅವರಿಗೇ ಕಷ್ಟ. ಹದಿನಾರು ವರ್ಷದಲ್ಲಿ ನನಗೆ ಕಂಡಿದ್ದು ಇದು.

ಹಾಗಾದರೆ ಇಷ್ಟ ಬಂದಿದ್ದನ್ನು ಓದಿದರೆ ಸಾಕಾ? ಅದೂ ಅಷ್ಟು ಸುಲಭ ಇಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್, ಅಂದರೆ ಫೆಡರಲ್ ರಿಸರ್ವ್, ಪ್ರತಿ ವರ್ಷ ಜನರ ಹಣಕಾಸಿನ ಬಗ್ಗೆ ಸಮೀಕ್ಷೆ ಮಾಡುತ್ತದೆ. 2021ರ ಸಮೀಕ್ಷೆಯಲ್ಲಿ ಕಲೆ ಮತ್ತು ಮಾನವಿಕ ವಿಷಯ ಓದಿದವರಲ್ಲಿ ಸುಮಾರು ಅರ್ಧದಷ್ಟು ಜನ ಬೇರೆ ವಿಷಯ ತೆಗೆದುಕೊಳ್ಳಬೇಕಿತ್ತು ಅಂದರು. ಎಂಜಿನಿಯರಿಂಗ್ ಓದಿದವರಲ್ಲಿ ಹಾಗೆ ಅಂದವರು ಸುಮಾರು ಕಾಲು ಭಾಗ. ಭಾವನ ಭಯಕ್ಕೆ ಆಧಾರ ಇದೆ ಅಂತ ಆಯಿತು. ಸಂಬಳ ಸಾಲದಿದ್ದರೆ ಇಷ್ಟದ ವಿಷಯವೂ ಕಹಿ ಆಗುತ್ತದೆ. ಆದರೆ ಅಲ್ಲಿನ ಮಕ್ಕಳು ಕಾಲೇಜಿಗೆ ಸೇರಿ ಒಂದೆರಡು ವರ್ಷ ಬೇರೆ ಬೇರೆ ಪಾಠ ಕೇಳಿ ಆಮೇಲೆ ವಿಷಯ ಆರಿಸಿಕೊಳ್ಳಬಹುದು. ಅಷ್ಟು ಅವಕಾಶ ಇದ್ದೂ ಎಂಜಿನಿಯರಿಂಗ್‌ನಲ್ಲಿ ನಾಲ್ವರಲ್ಲಿ ಒಬ್ಬರಿಗೆ ಬೇಡವಾಗಿತ್ತು ಅನ್ನಿಸಿದೆ. ನಮ್ಮಲ್ಲಿ ಹದಿನೇಳು ವರ್ಷದ ಮಗು ಒಂದು ರಾತ್ರಿಯಲ್ಲಿ, ಹಳದಿ ಬಣ್ಣ ಹಚ್ಚಿದ ಪಟ್ಟಿ ನೋಡಿಕೊಂಡು ಆರಿಸುತ್ತದೆ. ಅದಕ್ಕೂ ಮೊದಲು, ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಪಿಸಿಎಂಬಿ, ಪಿಸಿಎಂಸಿ, ಎಚ್‌ಇಪಿಎಸ್ ಅಂತ ಒಂದು ಬಾಗಿಲು ಹಾಕಿಯಾಗಿರುತ್ತದೆ. ನಮ್ಮಲ್ಲಿ ಎಷ್ಟು ಜನಕ್ಕೆ ಬೇಡವಾಗಿತ್ತು ಅನ್ನಿಸಿರಬಹುದು? ಕೇಳಿದವರು ಯಾರಿದ್ದಾರೆ ಸರ್?

ತಡವಾಗಿ ಆರಿಸುವುದರಿಂದ ಏನಾಗುತ್ತದೆ ಅಂತ ನೋಡಿದ ಒಂದು ಅಧ್ಯಯನ ಇದೆ. ಓಫರ್ ಮಲಮುದ್ ಅನ್ನುವ ಅರ್ಥಶಾಸ್ತ್ರಜ್ಞರದ್ದು, 2011ರಲ್ಲಿ ಬಂದದ್ದು. ಇಂಗ್ಲೆಂಡಿನಲ್ಲಿ ಮಕ್ಕಳು ನಮ್ಮ ಹಾಗೆ ಸೇರುವ ಮೊದಲೇ ವಿಷಯ ಗಟ್ಟಿ ಮಾಡಿಕೊಳ್ಳುತ್ತಾರೆ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಮೊದಲ ಒಂದೆರಡು ವರ್ಷ ಹಲವು ವಿಷಯ ಓದಿ ಆಮೇಲೆ ಒಂದಕ್ಕೆ ಹೋಗುತ್ತಾರೆ. ಓದು ಮುಗಿದ ಮೇಲೆ, ಓದಿದ ವಿಷಯಕ್ಕೆ ಸಂಬಂಧವೇ ಇಲ್ಲದ ಕೆಲಸಕ್ಕೆ ಹೊರಳಿದವರು ಇಂಗ್ಲೆಂಡಿನಲ್ಲಿ ಜಾಸ್ತಿ. ಅಂದರೆ ಬೇಗ ಆರಿಸಿದವರು ಆಮೇಲೆ ಬಿಟ್ಟು ಹೊರಟರು. ಸ್ವಲ್ಪ ರುಚಿ ನೋಡಿ ಆರಿಸಿದವರು ಹೆಚ್ಚಾಗಿ ಅಲ್ಲೇ ಉಳಿದರು.

ಇದಕ್ಕೆ ಸ್ಕಾಟ್ಲೆಂಡಿಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಹಳೆಯ ಬಿಎ, ಬಿಎಸ್ಸಿಯಲ್ಲೇ ಆ ಗುಣ ಇದೆ. ಪಿಸಿಎಂ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಎಚ್‌ಇಪಿ ಅಂತ ಮೂರು ವಿಷಯ ಒಟ್ಟಿಗೆ ಓದಿ, ಯಾವುದು ಹಿಡಿಸಿತೋ ಅದರಲ್ಲಿ ಎಂಎ, ಎಂಎಸ್ಸಿ ಮಾಡುತ್ತಿದ್ದರು. ನಾನೇ ಹಾಗೆ ಬಂದವಳು. ಪಿಯುಸಿಯಲ್ಲಿ ಮಾರ್ಕ್ಸ್ ಬಂತು ಅಂತ ಸೈನ್ಸ್, ಆಮೇಲೆ ಸಿಬಿಝಡ್. ಎರಡನೇ ವರ್ಷ ಎನ್‌ಎಸ್‌ಎಸ್ ಕ್ಯಾಂಪಿಗೆ ಒಂದು ಹಳ್ಳಿಗೆ ಹೋಗಿ ಮನೆ ಮನೆ ಸಮೀಕ್ಷೆ ಮಾಡುವಾಗ, ನನಗೆ ಸೂಕ್ಷ್ಮದರ್ಶಕಕ್ಕಿಂತ ಜನರ ಜೊತೆ ಕೂತು ಮಾತಾಡುವುದು ಇಷ್ಟ ಅಂತ ಗೊತ್ತಾಯಿತು. ಆಮೇಲೆ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದೆ. ಅವತ್ತು ಹೊರಳುವುದಕ್ಕೆ ದಾರಿ ಇತ್ತು, ಮನೆಯಲ್ಲೂ ಬಿಟ್ಟರು. ಇವತ್ತಿಗೂ ಸೋಮವಾರ ಬೆಳಗ್ಗೆ ನನಗೆ ಆಫೀಸಿಗೆ ಹೋಗಬೇಕಲ್ಲ ಅಂತ ಅನ್ನಿಸುವುದಿಲ್ಲ.

ಎಂಜಿನಿಯರಿಂಗ್‌ನಲ್ಲಿ ಹೀಗೆ ಹೊರಳುವುದು ಕಷ್ಟ. ಮೊದಲ ವರ್ಷ ಆದ ಮೇಲೆ ಬ್ರಾಂಚ್ ಬದಲಿಸುವ ದಾರಿ ಇದೆ, ಆದರೆ ಸೀಟು ಖಾಲಿ ಇದ್ದರೆ, ಮಾರ್ಕ್ಸ್ ಜಾಸ್ತಿ ಇದ್ದರೆ, ಅದೂ ಕೆಲವೇ ಜನಕ್ಕೆ. ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಮೊದಲ ವರ್ಷ ಬ್ರಾಂಚುಗಳ ನಡುವೆ ಅಷ್ಟೊಂದು ಪಾಠ ಹಂಚಿಕೊಂಡಿರುವಾಗ, ಆ ವರ್ಷದ ಕೊನೆಗೆ ಬ್ರಾಂಚ್ ಆರಿಸುವ ಹಾಗೆ ಯಾಕೆ ಮಾಡಬಾರದು? ಒಂದೆರಡು ಸರ್ಕಾರಿ ಕಾಲೇಜಿನಲ್ಲಾದರೂ ಮಾಡಿ ನೋಡಬಹುದಲ್ವಾ? 2021ರಲ್ಲಿ ನಮ್ಮ ಪದವಿಗಳು ನಾಲ್ಕು ವರ್ಷಕ್ಕೆ ಬದಲಾದವು, 2024ರಲ್ಲಿ ಮತ್ತೆ ಮೂರಕ್ಕೆ ಬಂದವು. ಅದು ಸರಿಯಾ ತಪ್ಪಾ ಅನ್ನುವ ವಾದಕ್ಕೆ ನಾನು ಬರುವುದಿಲ್ಲ. ಮೂರು ವರ್ಷ ಇರಲಿ, ನಾಲ್ಕು ಇರಲಿ, ಮಗು ಒಳಗೆ ಬಂದು ನೋಡಿ ಮನಸ್ಸು ಬದಲಿಸುವುದಕ್ಕೆ ಒಂದು ಬಾಗಿಲು ತೆರೆದಿರಲಿ ಅನ್ನುವುದಷ್ಟೇ ನನ್ನ ಕೋರಿಕೆ.

ವಿಷಯ ಹಿಡಿಸುವುದರಲ್ಲಿ ಮೇಷ್ಟ್ರ ಪಾಲು ಎಷ್ಟು ಅನ್ನುವುದನ್ನೂ ಹೇಳಲೇಬೇಕು. 2014ರಲ್ಲಿ ಗ್ಯಾಲಪ್ ಸಂಸ್ಥೆ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ ಸೇರಿ ಅಮೆರಿಕದ 30,000ಕ್ಕೂ ಹೆಚ್ಚು ಪದವೀಧರರನ್ನು ಮಾತಾಡಿಸಿದವು. ಕಲಿಯುವುದರಲ್ಲಿ ಆಸೆ ಹುಟ್ಟಿಸಿದ ಮೇಷ್ಟ್ರು, ನಮ್ಮ ಬಗ್ಗೆ ಕಾಳಜಿ ಮಾಡಿದ ಮೇಷ್ಟ್ರು, ಮುಂದೆ ಹೋಗು ಅಂತ ಬೆನ್ನು ತಟ್ಟಿದ ಒಬ್ಬ ಹಿರಿಯರು, ಈ ಮೂರೂ ಸಿಕ್ಕವರು ಮುಂದೆ ತಮ್ಮ ಕೆಲಸದಲ್ಲಿ ಮನಸ್ಸಿಟ್ಟು ತೊಡಗುವ ಸಾಧ್ಯತೆ ಎರಡು ಪಟ್ಟಿಗೂ ಜಾಸ್ತಿ ಇತ್ತು. ಮೂರೂ ಸಿಕ್ಕಿತ್ತು ಅಂದವರು ಶೇ. 14 ಮಾತ್ರ. ಕಾಲೇಜಿನ ಹೆಸರು ಎಷ್ಟು ದೊಡ್ಡದು ಅನ್ನುವುದರಿಂದ ಅಂಥ ವ್ಯತ್ಯಾಸ ಆಗಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ನೆನಪಾಯಿತು. ಸಾವಿರಾರು ಜನ ಇದ್ದಾರೆ. ವರ್ಷಗಟ್ಟಲೆ ಪಾಠ ಮಾಡಿದ್ದಾರೆ, ಬೀದಿಗೆ ಬಂದು ಕೂತು ಕೇಳಿಕೊಂಡಿದ್ದಾರೆ. ಮುಂದಿನ ಸೆಮಿಸ್ಟರ್‌ಗೆ ತಮಗೇ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಮಕ್ಕಳಿಗೆ ಈ ವಿಷಯ ಓದು, ಮುಂದೆ ಒಳ್ಳೆಯದಾಗುತ್ತದೆ ಅಂತ ಯಾವ ಧೈರ್ಯದಲ್ಲಿ ಹೇಳಬೇಕು? ಆದರೂ ಹೇಳುವವರು ಇದ್ದಾರೆ. ನಮ್ಮ ಅಕೌಂಟ್ಸ್ ಹುಡುಗಿಗೆ ಲೆಕ್ಕದ ರುಚಿ ಹತ್ತಿಸಿದವರು ಅಂಥ ಒಬ್ಬ ಅತಿಥಿ ಉಪನ್ಯಾಸಕಿ. ಈಗ ಅವರು ಆ ಕಾಲೇಜಿನಲ್ಲಿ ಇಲ್ಲವಂತೆ.

ಈಗ ಮುಖ್ಯವಾದ ಬೇಡಿಕೆಗೆ ಬರುತ್ತೇನೆ. ಬ್ರಿಟನ್ನಿನಲ್ಲಿ ಗ್ರ್ಯಾಜುಯೇಟ್ ಔಟ್‌ಕಮ್ಸ್ ಅಂತ ಒಂದು ಸಮೀಕ್ಷೆ ಇದೆ. ಓದು ಮುಗಿಸಿ 15 ತಿಂಗಳಾದ ಮೇಲೆ ಪ್ರತಿಯೊಬ್ಬರನ್ನೂ ಸಂಪರ್ಕಿಸುತ್ತಾರೆ. ಕೆಲಸ ಇದೆಯಾ, ಸಂಬಳ ಎಷ್ಟು ಅನ್ನುವುದರ ಜೊತೆ ಇನ್ನೂ ಮೂರು ಮಾತು ಕೇಳುತ್ತಾರೆ. ಮಾಡುತ್ತಿರುವ ಕೆಲಸಕ್ಕೆ ಅರ್ಥ ಇದೆ ಅನ್ನಿಸುತ್ತದಾ? ಮುಂದೆ ನೀವು ಅಂದುಕೊಂಡಿದ್ದಕ್ಕೆ ಅದು ಹೊಂದುತ್ತದಾ? ಓದಿದ್ದು ಕೆಲಸದಲ್ಲಿ ಬಳಕೆ ಆಗುತ್ತಿದೆಯಾ? ಉತ್ತರಗಳನ್ನು ವಿಷಯವಾರು ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸುತ್ತಾರೆ. ಅಷ್ಟೇ ಸರ್. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ.

ನಮ್ಮಲ್ಲಿ ಎಷ್ಟು ಮಕ್ಕಳು ಕಾಲೇಜಿಗೆ ಸೇರಿದರು ಅಂತ ಕೇಂದ್ರ ಸರ್ಕಾರ ವರ್ಷಾ ವರ್ಷಾ ಎಣಿಸುತ್ತದೆ. ಕಾಲೇಜುಗಳಿಗೆ ಕೇಂದ್ರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ನಡುವಿನ ಸಂಬಳ ಎಷ್ಟು ಅಂತ ಕಾಲೇಜುಗಳು ಕೊಡುತ್ತವೆ. ನಮ್ಮ ರಾಜ್ಯ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ 2 ವರ್ಷ ಕೊಡುತ್ತದೆ. ಅದು ಒಳ್ಳೆಯ ಕೆಲಸ. ಅದಕ್ಕಾಗಿ ಯಾರು ಯಾವ ಪದವಿ ಓದಿದರು ಅನ್ನುವ ದಾಖಲೆ ನಿಮ್ಮ ಸರ್ಕಾರದ ಹತ್ತಿರ ಆಗಲೇ ಇದೆ, ಅವರಿಂದ ನನಗಿನ್ನೂ ಕೆಲಸ ಸಿಕ್ಕಿಲ್ಲ ಅಂತ ಸ್ವಯಂ ಘೋಷಣೆ ಕೂಡ ತೆಗೆದುಕೊಳ್ಳುತ್ತೀರಿ. ಕೆಲಸ ಸಿಕ್ಕಿಲ್ಲ ಅನ್ನುವುದನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಇದೆ ಅಂದಮೇಲೆ, ಸಿಕ್ಕ ಕೆಲಸ ಹೇಗಿದೆ ಅಂತ ಕೇಳುವುದು ಎಷ್ಟು ದೂರ?

ಪದವಿ ಮುಗಿದು ಎರಡು ವರ್ಷಕ್ಕೆ ಒಂದು ಸಲ, ಐದು ವರ್ಷಕ್ಕೆ ಇನ್ನೊಂದು ಸಲ ಮೊಬೈಲಿಗೆ ಒಂದು ಸಣ್ಣ ಫಾರಂ ಕಳಿಸಿ, ಕನ್ನಡದಲ್ಲಿ. ಏನು ಓದಿದಿರಿ, ಏನು ಮಾಡುತ್ತಿದ್ದೀರಿ, ಹಿಡಿಸಿದೆಯಾ, ಮತ್ತೆ ಅವಕಾಶ ಸಿಕ್ಕರೆ ಅದನ್ನೇ ಓದುತ್ತೀರಾ, ಆ ವಿಷಯ ಆರಿಸಿದ್ದು ಯಾರು. ಈ ಕೊನೆಯ ಪ್ರಶ್ನೆ ಬಿಡಬೇಡಿ. ಬಂದ ಉತ್ತರವನ್ನು ಕಟ್‌ಆಫ್ ಇರುವ ಜಾಗದಲ್ಲೇ, ಅದರ ಪಕ್ಕದಲ್ಲೇ ಹಾಕಿ. ಬೇರೆ ಯಾವುದೋ ವೆಬ್‌ಸೈಟಿನಲ್ಲಿ ವರದಿ ಅಂತ ಹಾಕಿದರೆ ಆಪ್ಷನ್ ಎಂಟ್ರಿ ರಾತ್ರಿ ಅದನ್ನು ಯಾರೂ ಹುಡುಕುವುದಿಲ್ಲ. ಮಗು ಬ್ರಾಂಚಿನ ಹೆಸರು ಒತ್ತಿದಾಗ ಅಲ್ಲೇ ಕಾಣಬೇಕು. ಜೊತೆಗೆ, ಈ ವಿಷಯದಲ್ಲಿ ಏನು ಓದುತ್ತೀರಿ ಅಂತ ಒಂದು ಪುಟ, ಎಸ್ಸೆಸ್ಸೆಲ್ಸಿ ಓದಿದ ಅಪ್ಪ ಅಮ್ಮನಿಗೂ ಅರ್ಥ ಆಗುವ ಕನ್ನಡದಲ್ಲಿ. ಅಂಕಿಗಳು ಬಂದರೆ ಎಲ್ಲರೂ ಬದಲಾಗಿಬಿಡುತ್ತಾರೆ ಅಂತ ನಾನು ನಂಬಿಲ್ಲ. ಆದರೆ ಮೇಜಿನ ಮೇಲೆ ಒಂದೇ ಅಂಕಿ ಇದ್ದಾಗ ಮನೆಯವರು ಆಡುವ ಮಾತೇ ಬೇರೆ, ಎರಡು ಇದ್ದಾಗ ಆಡುವ ಮಾತೇ ಬೇರೆ.

ನಮ್ಮ ಮನೆಯ ಪಟ್ಟಿ ಇನ್ನೂ ಮುಗಿದಿಲ್ಲ. ಅಣಕು ಹಂಚಿಕೆ, ಅಂದರೆ ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸುವ ಪಟ್ಟಿ ಬಂದ ಮೇಲೂ ಒಂದು ಸಲ ಹಿಂದೆ ಮುಂದೆ ಮಾಡುವುದಕ್ಕೆ ಅವಕಾಶ ಇದೆ. ನಿನ್ನೆ ಬೆಳಗ್ಗೆ ನೋಡಿದರೆ ಹುಡುಗಿ ಯಾರಿಗೂ ಹೇಳದೆ ಜಿಕೆವಿಕೆಯನ್ನು ಒಂಬತ್ತನೇ ಸ್ಥಾನಕ್ಕೆ ತಂದಿದ್ದಳು. ನಾನು ಆಫೀಸಿನಲ್ಲಿ ಹತ್ತು ಜನರನ್ನು ವಿಚಾರಿಸಿ, ಅಗ್ರಿ ಓದಿ ಆರು ವರ್ಷ ಆದ, ಈಗ ಯಲಹಂಕದಲ್ಲಿರುವ ಒಬ್ಬರ ನಂಬರ್ ಹುಡುಕಿದ್ದೇನೆ. ಭಾನುವಾರ ಮನೆಗೆ ಬರುತ್ತಾರೆ. ಭಾವನೂ ತಿಪಟೂರಿನಿಂದ ಬೆಳಗಿನ ರೈಲಿಗೆ ಬರುತ್ತೇನೆ ಅಂದಿದ್ದಾರೆ. ಕೇಳಬೇಕಾದ ಪ್ರಶ್ನೆಗಳನ್ನು ಹುಡುಗಿ ತೋಟದ ಆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಎಲ್ಲರ ಮನೆಯಲ್ಲೂ ಎಚ್‌ಆರ್‌ನಲ್ಲಿರುವ ಚಿಕ್ಕಮ್ಮ ಇರುವುದಿಲ್ಲ ಸರ್. ಮುಂದಿನ ವರ್ಷ ಆಪ್ಷನ್ ಎಂಟ್ರಿಗೆ ಕೂರುವ ಮಕ್ಕಳಿಗಾಗಿ ಆ ಫಾರಂ ಅನ್ನು ಈ ವರ್ಷವೇ ಕಳಿಸಿ.

ಇಂತಿ,
ಹನುಮಂತನಗರದ ಒಬ್ಬ ಎಚ್‌ಆರ್ ಉದ್ಯೋಗಿ